ಸಾಮಾನು ಎಲ್ಲಿ ಇಳಿಯಬೇಕು?

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹಳೆಯ ಸೊಸೈಟಿ. ಮಾತಾಡುವವರಲ್ಲಿ ಒಬ್ಬರು ಧಾರವಾಡದ ಕಡೆಯಿಂದ ಬಂದು, ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅದೇ ಮಹಡಿಯವಳು, ತವರು ಉಡುಪಿ.

ಆಕೆ: ಕಾಕಾ, ಒಂದು ಪಂಚಾಯ್ತಿಕೆ ಉಂಟು. ಅಪ್ಪ ಅಮ್ಮನನ್ನು ಕಾಶಿಗೆ ಕರ್ಕೊಂಡು ಹೋಗುದು ಅಂತ ಆಯ್ತು. ಉಡುಪಿಯಿಂದ ಇಲ್ಲಿಗೆ ಒಂದು ಗಾಡಿ, ಇಲ್ಲಿಂದ ಕಾಶಿಗೆ ಇನ್ನೊಂದು. ನೆರೂಲಿನ ಅಕ್ಕ ಪನ್ವೇಲ್‌ನಲ್ಲಿ ಇಳಿಸು ಅಂತಾಳೆ. ಮಾವ ಥಾಣೆಯೇ ಒಳ್ಳೇದು ಅಂತಾರೆ. ನನಗೆ ಕಲ್ಯಾಣ್ ಆದ್ರೆ ಸುಲಭ. ಎಲ್ಲಿ ಗಾಡಿ ಬದಲಿಸುದು, ನೀವೇ ಹೇಳಿ.

ಕಾಕಾ: ಮೂರೂ ಮಂದಿ ತಮ್ಮ ತಮ್ಮ ಮನಿ ಬಾಗಿಲಾ ನೋಡಿ ಹೇಳ್ಯಾರ. ಸಾಮಾನು ಎಷ್ಟೈತಿ ಅಂತ ಯಾರರ ಕೇಳಿದ್ರೇನು?

ಆಕೆ: ತಲೆಬಿಸಿ ಇರುದೇ ಅದರದ್ದು. ಕಾಶಿಯಲ್ಲಿ ಒಂದು ತಿಂಗಳು ನಿಲ್ಲುವ ಅಂದಾಜು. ಅಪ್ಪನಿಗೆ ಕುಚ್ಚಲಕ್ಕಿ ಇಲ್ಲದಿದ್ರೆ ಊಟ ಮಾಡಿದ ಹಾಗೇ ಆಗುದಿಲ್ಲ. ಶ್ರಾದ್ಧಕ್ಕೆ ಮನೆಯ ತಾಮ್ರದ ಪಾತ್ರೆಯೇ ಬೇಕಂತೆ. ಹಪ್ಪಳ, ಉಪ್ಪಿನಕಾಯಿ, ತೆಂಗಿನೆಣ್ಣೆ, ಅಮ್ಮನ ಚಾಪೆ. ಎರಡು ಸೂಟ್‌ಕೇಸು, ಮೂರು ಚೀಲ, ಮೇಲಿಂದ ಅಜ್ಜನ ಕಾಲದ ಕಬ್ಬಿಣದ ಟ್ರಂಕು.

ಕಾಕಾ: ಕರ್ನಾಟಕ ಸರ್ಕಾರದವ್ರು ಕಾಶಿ ದರ್ಶನ ಅಂತ ಭಾರತ್ ಗೌರವ್ ಗಾಡಿ ಬಿಟ್ಟಾರಲ್ಲ, 2022ರ ನವೆಂಬರ್‌ದಾಗ ಬೆಂಗಳೂರಿನಿಂದ ಶುರುವಾದದ್ದು. ಅದರಾಗ ಹತ್ತಿಸಿದ್ರ ನಡುವ ಬದಲಿ ಮಾಡೂ ತ್ರಾಸನ ಇಲ್ಲ.

ಆಕೆ: ಅದು ಕೆಲವೇ ದಿವಸದ ಟೂರು ಕಾಕಾ. ನಮ್ಮವರಿಗೆ ನಿಧಾನಕ್ಕೆ ಇದ್ದು ಬರಬೇಕು. ಮತ್ತೆ ಉಡುಪಿಯವರು ಅದಕ್ಕೆ ಘಟ್ಟ ಹತ್ತಿ ಬೇರೆ ಹೋಗ್ಬೇಕು.

ಕಾಕಾ: ಹಂಗಾರ ಮೊದಲ ನಕಾಶಿ ತಿಳ್ಕೋ. 1853ರ ಏಪ್ರಿಲ್ 16ಕ್ಕ ಬೋರಿಬಂದರದಿಂದ, ಅಂದ್ರ ಮುಂಬಯಿಯ ಈಗಿನ ಸಿಎಸ್‌ಎಂಟಿ ಕಡೆಯಿಂದ, ಥಾಣೆಗೆ ಗಾಡಿ ಓಡಿತು. ಮರುವರ್ಷ ಕಲ್ಯಾಣಕ್ಕ ಹಳಿ ಬಂತು. ಮುಂದ ಸಹ್ಯಾದ್ರಿ ಅಡ್ಡ. ಎರಡು ಕಡೆ ಘಾಟು ಕಡಿದ್ರು. ಕರ್ಜತ್ ಕಡೆ ಬೋರ್ ಘಾಟು 1863ಕ್ಕ, ಕಸಾರಾ ಕಡೆ ಥಲ್ ಘಾಟು 1865ಕ್ಕ. ಕಲ್ಯಾಣ ಜಂಕ್ಷನ್ ಆದದ್ದು ಹಿಂಗ. ನಮ್ಮ ಧಾರವಾಡ, ಕಲಬುರಗಿ, ಬೆಂಗಳೂರಿನಿಂದ ಬರೂ ಗಾಡಿ ಕರ್ಜತ್ ಕಡೆಯಿಂದ ಇಳೀತಾವ. ಕಾಶಿ, ಪಟ್ನಾ, ದಿಲ್ಲಿ ಗಾಡಿ ಕಸಾರಾ ಕಡೆ ಏರ್ತಾವ. ಹಿಂಗಾಗಿ ಘಟ್ಟದ ಮ್ಯಾಲಿನವ್ರಿಗೆ ಉತ್ತರಕ್ಕ ಹೋಗಾಕ ಕಲ್ಯಾಣ ಅಂದ್ರ ಸಹಜ ಜಂಕ್ಷನ್. ನಿಮ್ಮದು ಕರಾವಳಿ, ಹಳೀನ ಬ್ಯಾರೆ. ಕೊಂಕಣ ರೈಲ್ವೆ ಪೂರಾ ಆದದ್ದು 1998ಕ್ಕ. ಮತ್ಸ್ಯಗಂಧಾ ಆಗ್ಲಿ, ಮಂಗಳೂರು ಜಂಕ್ಷನ್–ಸಿಎಸ್‌ಎಂಟಿ ಗಾಡಿ ಆಗ್ಲಿ, ಪನ್ವೇಲ್ ದಾಟಿ ದಿವಾ ಕಡೆಯಿಂದ ಥಾಣೆಗೆ ಬರ್ತಾವ. ಕಲ್ಯಾಣ ಮುಟ್ಟೂದಿಲ್ಲ. ದಿಲ್ಲಿ ಕಡೆ ಹೋಗೂ ಮಂಗಲಾ ಎಕ್ಸ್‌ಪ್ರೆಸ್‌ನಂಥವು ಪನ್ವೇಲ್‌ನಿಂದ ಕಲ್ಯಾಣಕ್ಕ ಹೋಗ್ತಾವ.

ಆಕೆ: ನಮ್ಮ ಡೊಂಬಿವಲಿ ಮಾತ್ರ ನಡುವೆ ಕೂತ್ಕೊಂಡು ಎಲ್ಲ ದೂರದ ಗಾಡಿಗೂ ಟಾಟಾ ಮಾಡುದು.

ಕಾಕಾ: ಅದಕ್ಕ ಥಾಣೆದಾಗ ಇಳಿದ್ರೂ ಲೋಕಲ್, ಕಲ್ಯಾಣದಾಗ ಹತ್ತಿದ್ರೂ ಲೋಕಲ್. ಲೋಕಲ್ ನಿಲ್ಲೂದು ಅರ್ಧ ನಿಮಿಷ. ಲಗೇಜ್ ಡಬ್ಬಿ ಐತಿ, ಖರೆ. ಆದ್ರ ಅದರ ಮುಂದ ಮೀನಿನ ಬುಟ್ಟಿ, ಹೂವಿನ ಹೊರಿ, ತರಕಾರಿ ಚೀಲ ಹೊತ್ತವ್ರು ಮೊದಲ ನಿಂತಿರ್ತಾರ. ದಿನಾ ಹತ್ತಿ ಇಳಿಯೂ ಮಂದಿ ಅವ್ರು. ನಿಮ್ಮಪ್ಪ ಟ್ರಂಕಿನ ಒಂದು ಹಿಡಿಕಿ ಹಿಡ್ಕೊಂಡು ಅವರ ನಡುವ ನಿಂತದ್ದನ್ನ ನೆನಿಸ್ಕೋ.

ಆಕೆ: ಬೇಡಪ್ಪ.

ಕಾಕಾ: ಥಾಣೆಯ ಗರ್ದಿ ಎಷ್ಟು ಅಂದ್ರ, 5ನೇ ಪ್ಲಾಟ್‌ಫಾರ್ಮ್ ಅಗಲ ಮಾಡಾಕ 2024ರ ಮೇ ಕೊನಿಗೆ 63 ತಾಸು ಬ್ಲಾಕ್ ತಗೊಂಡು ಹಳಿನ ಸರಿಸಿದ್ರು. ಎರಡು ಮೂರು ಮೀಟರ್ ಜಾಗದ ಸಲುವಾಗಿ ಊರಿಗೆ ಊರ ನಿಂತಿತ್ತು. ಅಂಥಾ ಪ್ಲಾಟ್‌ಫಾರ್ಮ್ ಮ್ಯಾಲ ಆರು ನಗ ಸಾಮಾನು ಇಳಿಸಿ, ಎಣಿಸಿ, ದಾದರಾ ಹತ್ತಿಸೂದು ಅಂದ್ರ ಮುಂಜಾನಿ ಹೊತ್ತಿನ್ಯಾಗ ಸಣ್ಣ ಕೆಲಸ ಅಲ್ಲ.

ಆಕೆ: ಅದಕ್ಕೇ ನನ್ನ ತಲೆಯಲ್ಲಿ ಇನ್ನೊಂದು ಯೋಚನೆ. ಭಾರ ಎಲ್ಲ ಬುಕ್ ಮಾಡಿ ಕೊಟ್ಟುಬಿಡುದು. ವಿಮಾನದಲ್ಲಿ ಮಂಗಳೂರಿನಲ್ಲಿ ಕೊಟ್ಟ ಬ್ಯಾಗನ್ನು, ನಡುವೆ ವಿಮಾನ ಬದಲಿಸಿದ್ರೂ ಕೊನೆಯ ಊರಲ್ಲೇ ತಗೊಳ್ಳುದಲ್ವಾ. ಹಾಗೆ ರೈಲಿನಲ್ಲೂ ಉಂಟಲ್ಲ ಬುಕಿಂಗ್?

ಕಾಕಾ: ಬುಕಿಂಗ್ ಐತಿ. ನೀ ಅಂದ್ಕೊಂಡಂಗ ಇಲ್ಲ. ಪಾರ್ಸೆಲ್ ಆಫೀಸಿನ್ಯಾಗ ಎರಡು ಥರ ತೂಗ್ತಾರ. ಟಿಕೇಟು ತೋರ್ಸಿ, ನಿನ್ನ ಗಾಡ್ಯಾಗ ನಿನ್ನ ಜೋಡಿ ಬರ್ಲಿ ಅಂತ ಕೊಟ್ರ ಲಗೇಜು. ನೀ ಬರ್ಲಿ ಬಿಡ್ಲಿ, ಸಾಮಾನು ತನ್ನಷ್ಟಕ್ಕ ಹೋಗ್ಲಿ ಅಂದ್ರ ಪಾರ್ಸೆಲ್. ಲಗೇಜಿನ ದರ ಹೆಚ್ಚು, ಆದ್ರ ಅದೇ ಗಾಡಿ ಹಿಡೀತೈತಿ. ಪಾರ್ಸೆಲ್ ಸಸ್ತಾ, ಆದ್ರ ಜಾಗ ಸಿಕ್ಕಾಗ ಹೊರಡ್ತೈತಿ. ಎರಡಕ್ಕೂ ಚೀಟಿ ಕೊಡ್ತಾರ. ಇಲ್ಲೆ ಮಂದಿ ಅದಕ್ಕ ಬಿಲ್ಟಿ ಅಂತಾರ. ಕಡಿಮಿ ಅಂದ್ರೂ ಅರ್ಧ ತಾಸು ಮೊದಲ ಸಾಮಾನು ಮುಟ್ಟಿಸಬೇಕು ಅಂತ ನಿಯಮ. ನಾನಾದ್ರ ಎರಡು ತಾಸು ಅಂತೀನಿ.

ಆಕೆ: ಮತ್ತೆ ಗಾಡಿ ಬದಲಿಸುವಲ್ಲಿ?

ಕಾಕಾ: ಅಲ್ಲೇ ಗಂಟು ಇರೂದು. ಒಂದು ಗಾಡಿ ಒಳಗ ಸಾಮಾನು ಬರೂದನ್ನ ರೈಲ್ವೆ ನೋಡ್ಕೋತೈತಿ. ಒಂದು ಗಾಡಿಯಿಂದ ಇಳಿದ ಸಾಮಾನು ನೀ ಹತ್ತೂ ಗಾಡಿನ ಹತ್ತತೈತಿ ಅಂತ ಯಾರೂ ಮಾತು ಕೊಡೂದಿಲ್ಲ. ಮುಂದಿನ ಗಾಡಿಯ ವ್ಯಾನ್‌ನ್ಯಾಗ ಜಾಗ ಇರಬೇಕು, ಹಾಕಾಕ ಹೊತ್ತಿರಬೇಕು, ಹಾಕೂ ಹಮಾಲಿರಬೇಕು. ಮೂರರಾಗ ಒಂದು ತಪ್ಪಿದ್ರ ನೀ ಕಾಶ್ಯಾಗ, ನಿನ್ನ ಟ್ರಂಕು ಇಲ್ಲೆ. ಅದಕ್ಕ ಜಂಕ್ಷನ್‌ತನಕ ಬುಕ್ ಮಾಡಿ, ಇಳಿಸ್ಕೊಂಡು, ಮತ್ತ ಹೊಸದಾಗಿ ಬುಕ್ ಮಾಡೂದು ಶಾಣ್ಯಾತನ.

ಆಕೆ: ಬುಕ್ ಮಾಡುವ ರಗಳೆಯೇ ಬೇಡ ಅಂದ್ರೆ? ಎಲ್ಲ ಸೀಟಿನ ಅಡಿಗೆ ತಳ್ಳುದು. ಥ್ರೀ ಟಯರ್ ಎಸಿಯಲ್ಲಿ ಮೂರು ಜನರಿಗೆ ಎಷ್ಟು ಕಿಲೋ ಬಿಡ್ತಾರೆ?

ಕಾಕಾ: ಒಬ್ಬೊಬ್ಬರಿಗೆ 40. ಸ್ಲೀಪರ್‌ಗೂ 40, ಟೂ ಟಯರ್‌ಗೆ 50, ಫಸ್ಟ್ ಎಸಿಗೆ 70, ಜನರಲ್ ಡಬ್ಬಿಗೆ 35. ಸ್ಲೀಪರ್‌ನವ ಹೆಚ್ಚಿಗಿ ರೊಕ್ಕ ಕಟ್ಟಿ 80 ಕಿಲೋತನಕ ತನ್ನ ಡಬ್ಬ್ಯಾಗ ಒಯ್ಯಬಹುದು. ಥ್ರೀ ಟಯರ್ ಎಸಿಯವಗ ಆ ಸವಲತ್ತಿಲ್ಲ. 40 ಅಂದ್ರ 40, ಉಳಿದದ್ದು ಬ್ರೇಕ್‌ವ್ಯಾನಿಗೆ. ಬುಕ್ ಮಾಡದ ಹೆಚ್ಚಿನ ಭಾರ ಸಿಕ್ರ ಲಗೇಜ್ ದರದ ಆರು ಪಟ್ಟು ವಸೂಲಿ.

ಆಕೆ: ಹಾಗಾದ್ರೆ ಮೂರು ಟಿಕೇಟಿಗೆ 120 ಕಿಲೋ. ನಮ್ಮದು ಅಷ್ಟು ಇಲ್ಲ ಮಾರಾಯ್ರೇ! ಸುಮ್ಮನೆ ಹೆದರಿದ್ದು.

ಕಾಕಾ: ಕಾಯ್ದೆ 120 ಕಿಲೋ ಬಿಡ್ತೈತಿ. ನಿಮ್ಮಪ್ಪನ ಹೆಗಲು ಬಿಡ್ತೈತೇನು? ಇನ್ನೊಂದು ಕೇಳು. ತೂಕ ಅಷ್ಟ ಅಲ್ಲ, ಅಳತಿನೂ ಐತಿ. ಡಬ್ಬಿಯೊಳಗ ಒಯ್ಯೂ ಟ್ರಂಕು, ಸೂಟ್‌ಕೇಸು 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರ ಮೀರಬಾರದು. ಥ್ರೀ ಟಯರ್ ಎಸಿಗೆ ಇನ್ನೂ ಸಣ್ಣದು, 55, 45, 22.5. ನಿನ್ನ ಅಜ್ಜನ ಟ್ರಂಕು ಎಷ್ಟು ಎತ್ತರ?

ಆಕೆ: ಮೊಣಕಾಲಿಗೆ ಬರ್ತದೆ.

ಕಾಕಾ: ಅಂದ್ರ ಅದು ಸೀಟಿನ ತೆಳಗ ಹೋಗೂದಿಲ್ಲ, ಕಾಯ್ದೆದಾಗೂ ಕೂಡೂದಿಲ್ಲ. ಅದು ವ್ಯಾನಿನ ಸಾಮಾನು.

ಆಕೆ: ಸರಿ, ವ್ಯಾನಿಗೇ ಹಾಕುವ. ಉಡುಪಿಯಲ್ಲಿ ಹಾಕಿ ಥಾಣೆಯಲ್ಲಿ ಇಳಿಸ್ಕೊಂಡ್ರೆ ಆಯ್ತಲ್ಲ.

ಕಾಕಾ: ಉಡುಪ್ಯಾಗ ಗಾಡಿ ಎಷ್ಟೊತ್ತು ನಿಲ್ತೈತಿ?

ಆಕೆ: ಎರಡು ಮೂರು ನಿಮಿಷ ಇರ್ಬಹುದು.

ಕಾಕಾ: ಥಾಣೆದಾಗೂ ಹಂಗ. ಈಗ ಬ್ರೇಕ್‌ವ್ಯಾನಿನ ಹಕೀಕತ್ತು ತಿಳ್ಕೋ. ಗಾಡಿಗೆ ಮುಂದೊಂದು ಹಿಂದೊಂದು ಡಬ್ಬಿ ಇರ್ತೈತಿ, ಗಾರ್ಡ್, ಸಾಮಾನು ಎಲ್ಲಾ ಅದರಾಗ. ಒಂದೊಂದು ಖಾನೆಗೆ 4 ಟನ್. ಅದರಾಗೂ ಎಷ್ಟೋ ಗಾಡ್ಯಾಗ ಖಾನೆನ ಗುತ್ತಿಗಿಗೆ ಕೊಟ್ಟಿರ್ತಾರ, ವ್ಯಾಪಾರಸ್ತರ ಗಂಟು ತುಂಬಿರ್ತಾವ. ನಿನ್ನ ಟ್ರಂಕು ಹೊರಗಿನ ಸಾಲಿನ್ಯಾಗ ಇದ್ರ ಬೇಷಾತು. ಒಳಗಿನ ಸಾಲಿನ್ಯಾಗ ಸಿಕ್ಕೊಂಡ್ರ, ಅದರ ಮುಂದಿನ ಗಂಟೆಲ್ಲಾ ತೆಗೆದು, ಇದನ್ನ ಎಳೆದು, ಮತ್ತ ಅವನ್ನ ಒಳಗ ಹಾಕಬೇಕು. ಎರಡು ನಿಮಿಷದಾಗ ಇದನ್ನ ಯಾರು ಮಾಡ್ತಾರ? ಸಿಗ್ನಲ್ ಬಿತ್ತು ಅಂದ್ರ ಗಾಡಿ ಟ್ರಂಕು ಸಮೇತ ಮುಂದ. ನಮ್ಮ ಆಫೀಸಿನ್ಯಾಗ ಇದಕ್ಕ ಓವರ್ ಕ್ಯಾರಿಡ್ ಅಂತಿದ್ವಿ. ಅದು ಮುಂದಿನ ಸ್ಟೇಷನ್‌ಗೆ ಹೋಗಿ, ಅಲ್ಲಿ ರಜಿಸ್ಟರ್‌ದಾಗ ಹತ್ತಿ, ತಿರುಗಿ ಬರೂದ್ರೊಳಗ ನಿಂದು ಕಾಶಿ ಗಾಡಿ ಹೋಗಿರ್ತೈತಿ.

ಆಕೆ: ಹಾಗಾದ್ರೆ ಪನ್ವೇಲೂ ಅಲ್ಲ, ಥಾಣೆಯೂ ಅಲ್ಲ, ಕಲ್ಯಾಣೂ ಅಲ್ಲ ಅಂತ ಆಯ್ತು.

ಕಾಕಾ: ಮನಿಷ್ಯಾಗ ಮೂರೂ ಅಡ್ಡಿಯಿಲ್ಲ. ಸಾಮಾನಿಗೆ ಮೂರೂ ಅಲ್ಲ. ಮನಿಷ್ಯಾ ಮನಿಗೆ ಹತ್ತರದ ಸ್ಟೇಷನ್ ಹುಡುಕ್ತಾನ. ಸಾಮಾನಿಗೆ ಬೇಕಾದದ್ದು ಒಂದು ಗಾಡಿ ಮುಗಿಯೂ ಸ್ಟೇಷನ್, ಇನ್ನೊಂದು ಗಾಡಿ ಹುಟ್ಟೂ ಸ್ಟೇಷನ್. ಗಾಡಿ ಮುಗಿಯೂದ್ರಾಗ ವ್ಯಾನ್ ಪೂರಾ ಖಾಲಿ ಮಾಡಲೇಬೇಕು, ಯಾವ ಗಂಟೂ ಮುಂದ ಹೋಗಾಕ ದಾರಿನ ಇಲ್ಲ. ಗಾಡಿ ಹುಟ್ಟೂದ್ರಾಗ ವ್ಯಾನ್ ಖಾಲಿ ಇರ್ತೈತಿ, ತುಂಬಾಕ ಹೊತ್ತೂ ಇರ್ತೈತಿ. ನಡುವಿನ ಸ್ಟೇಷನ್ನಿನ್ಯಾಗ ಎರಡೂ ಇಲ್ಲ.

ಆಕೆ: ನಮ್ಮ ಮತ್ಸ್ಯಗಂಧಾ ಮುಗಿಯುದು ಕುರ್ಲಾದ ಎಲ್‌ಟಿಟಿಯಲ್ಲಿ.

ಕಾಕಾ: ಮಧ್ಯಾಹ್ನ ಕಾಶಿ ಮ್ಯಾಲ ಹೋಗೂ ಕಾಮಾಯನಿ ಹುಟ್ಟೂದೂ ಅಲ್ಲೇ. ಇನ್ನೂ ಛಲೋ ಜೋಡಿ ಒಂದೈತಿ. ಮಂಗಳೂರು ಜಂಕ್ಷನ್‌ದಿಂದ ಬರೂ ಸೂಪರ್‌ಫಾಸ್ಟ್ ಸಿಎಸ್‌ಎಂಟಿಯಾಗ ಮುಗೀತೈತಿ. ಮಹಾನಗರಿ ಎಕ್ಸ್‌ಪ್ರೆಸ್ ನಡುರಾತ್ರಿಗೆ ಸಿಎಸ್‌ಎಂಟಿಯಿಂದನ ಹೊರಟು ವಾರಾಣಸಿಯಾಗ ಮುಗೀತೈತಿ. ಅಂದ್ರ ಸಾಮಾನಿಗೆ ಹುಟ್ಟೂದು, ಮುಗಿಯೂದು, ಮತ್ತ ಹುಟ್ಟೂದು, ಮತ್ತ ಮುಗಿಯೂದು. ನಾಕೂ ಕಡೆ ಗಾಡಿ ನಿಂತಿರ್ತೈತಿ. ನಡುವ ಒಂದು ಹಗಲು ಸಿಗ್ತೈತಿ. ಸಾಮಾನು ಕ್ಲೋಕ್ ರೂಮಿನ್ಯಾಗ ಇಟ್ಟು, ಗರ್ದಿ ಇಳಿದ ಮ್ಯಾಲ ಬರೀಗೈಲೆ ಲೋಕಲ್ ಹಿಡಿದು ಡೊಂಬಿವಲಿಗೆ ಬರ್ಲಿ. ಸ್ನಾನ, ಊಟ, ನಿದ್ದಿ ಎಲ್ಲಾ ಆಗ್ತೈತಿ. ಆದ್ರ ಕ್ಲೋಕ್ ರೂಮಿಗೆ ಬೀಗ ಇಲ್ಲದ ಸಾಮಾನು ತಗೊಳ್ಳೂದಿಲ್ಲ, ನೆನಪಿರ್ಲಿ. ಗೋಣಿಚೀಲಕ್ಕ ಬೀಗ ಎಲ್ಲಿ ಹಾಕ್ತಿ?

ಆಕೆ: ಅಯ್ಯೋ, ಅಕ್ಕಿ ಗೋಣಿಯಲ್ಲೇ ಕಟ್ಟಿಟ್ಟಿದ್ದಾರೆ. ಆದ್ರೆ ಇದು ತಲೆಕೆಳಗಾದ ಲೆಕ್ಕ ಕಾಕಾ. ಡೊಂಬಿವಲಿ ಮನೆ ಇರುವವಳು, ಥಾಣೆ ದಾಟಿ ಸಿಎಸ್‌ಎಂಟಿ ತನಕ ಹೋಗಿ, ಅಲ್ಲಿಂದ ವಾಪಸ್ ಡೊಂಬಿವಲಿಗೆ ಬಂದು, ರಾತ್ರಿ ಮತ್ತೆ ಸಿಎಸ್‌ಎಂಟಿಗೆ! ಮಹಾನಗರಿ ಆಮೇಲೆ ಇದೇ ಡೊಂಬಿವಲಿಯನ್ನು ದಾಟಿ ಹೋಗುದು.

ಕಾಕಾ: ಹೌದು. ಲೋಕಲ್ ಪ್ರವಾಸ ಎರಡೂ ಉದ್ದ ಆಗ್ತಾವ, ಎತ್ತಿ ಇಳಿಸೂದು ನಾಕು ಕಡಿಮಿ ಆಗ್ತಾವ. ವಯಸ್ಸಾದವ್ರು ಕುಂತು ದಣಿಯೂದಿಲ್ಲ, ಎತ್ತಿ ದಣೀತಾರ. ಒಂದು ಎಚ್ಚರ ಮಾತ್ರ. ಸಿಎಸ್‌ಎಂಟಿಯಾಗ ಕೆಲಸ ನಡೆದಾಗ ನಿಮ್ಮ ಕಡೆಯ ಗಾಡಿನ ಥಾಣೆದಾಗ ಮುಗಿಸಿದ ದಿನ ಇದ್ದಾವ. ಹೊರಡೂ ಮುಂಚೆ ಗಾಡಿ ಎಲ್ಲಿತನಕ ಐತಿ ಅಂತ ನೋಡ್ಕೋ. ಹಂಗ ಆದ್ರ ಆವತ್ತಿಗೆ ಥಾಣೆನ ಮುಗಿಯೂ ಸ್ಟೇಷನ್, ಸಾಮಾನಿಗೆ ತೊಂದರಿಲ್ಲ, ನಿನಗ ಟ್ಯಾಕ್ಸಿ ಖರ್ಚು.

ಆಕೆ: ಒಂದು ಪ್ರಶ್ನೆ. ಕಣ್ಣೆದುರು ಇರುವ ಚೀಲಕ್ಕಿಂತ ವ್ಯಾನಿಗೆ ಕೊಟ್ಟ ಟ್ರಂಕಿಗೇ ನನಗೆ ಹೆದರಿಕೆ. ಯಾವುದು ಹೆಚ್ಚು ಭದ್ರ?

ಕಾಕಾ: ಕಣ್ಣಿಗೆ ಒಂದು ಉತ್ತರ, ಕಾಯ್ದೆಗೆ ಇನ್ನೊಂದು. 1989ರ ರೈಲ್ವೆ ಕಾಯ್ದೆಯ 100ನೇ ಕಲಂ ಪ್ರಕಾರ, ಬುಕ್ ಮಾಡಿ ರಸೀದಿ ಪಡೆದ ಲಗೇಜಿಗೆ ರೈಲ್ವೆ ಜವಾಬ್ದಾರ. ನಿನ್ನ ಸೀಟಿನ ತೆಳಗಿನ ಚೀಲ ಹೋದ್ರ, ರೈಲ್ವೆಯವರ ನಿಷ್ಕಾಳಜಿಯಿಂದನ ಹೋತು ಅಂತ ನೀನ ತೋರ್ಸಬೇಕು. 2023ರಾಗ ಸುಪ್ರೀಂ ಕೋರ್ಟಿನ ಮುಂದ ಒಂದು ಪ್ರಕರಣ ಬಂತು. ಒಬ್ಬ ಪ್ರಯಾಣಿಕ ನಡಕ್ಕ ಕಟ್ಕೊಂಡಿದ್ದ ಒಂದು ಲಕ್ಷ ರೂಪಾಯಿ ಗಾಡ್ಯಾಗ ಕಳುವಾಗಿತ್ತು. ಪ್ರಯಾಣಿಕನಿಗೇ ತನ್ನ ವಸ್ತು ಕಾಯ್ಕೊಳ್ಳಾಕ ಆಗದಿದ್ರ, ಅದು ರೈಲ್ವೆಯ ಸೇವಾ ಲೋಪ ಅಲ್ಲ ಅಂತ ತೀರ್ಪಾತು.

ಆಕೆ: ಅಂದ್ರೆ ಬುಕ್ ಮಾಡಿದ್ದೇ ಭದ್ರ.

ಕಾಕಾ: ಪೂರಾ ಕೇಳು. ಬುಕ್ ಮಾಡಿದ ಲಗೇಜು ಕಳೆದ್ರ ಪರಿಹಾರಕ್ಕ ಮಿತಿ ಐತಿ. ಬೆಲಿ ಮೊದಲ ಬರೆಸಿ, ಅದಕ್ಕ ಶೇಕಡಾವಾರು ಹೆಚ್ಚಿನ ಶುಲ್ಕ ಕಟ್ಟದಿದ್ರ, ಕಿಲೋಕ್ಕ 100 ರೂಪಾಯಿ ಲೆಕ್ಕ. ಈ ದರ 1990ರ ನಿಯಮದಾಗ ಬಂದದ್ದು. ತಾಮ್ರದ ಹಂಡೆ, ಹರಿವಾಣ ಒಂದು ಕಿಲೋಕ್ಕ ಈಗ ಎಷ್ಟು? ಅದಕ್ಕ ಬೆಲಿ ಬರೆಸೂದನ್ನ ಮರೀಬ್ಯಾಡ. ಕಳೆದ್ರ ಆರು ತಿಂಗಳೊಳಗ ಲಿಖಿತ ನೋಟಿಸು ಕೊಡಬೇಕು. ಆಮ್ಯಾಲ ಕ್ಲೇಮ್ಸ್ ಟ್ರಿಬ್ಯೂನಲ್. ಬಂಗಾರ, ರೊಕ್ಕ, ಔಷಧ, ಆಧಾರ್, ಟಿಕೇಟು ಇವನ್ನ ವ್ಯಾನಿಗೂ ಹಾಕಬ್ಯಾಡ, ಸೀಟಿನ ತೆಳಗೂ ಇಡಬ್ಯಾಡ. ಮೈಮ್ಯಾಲ ಇರ್ಲಿ.

ಆಕೆ: ಅಡಿಗೆಗೆ ಅಂತ ಅಮ್ಮ ಸಣ್ಣ ಗ್ಯಾಸ್ ಒಲೆ ಹೇಳ್ತಿದ್ರು...

ಕಾಕಾ: ಆ ಮಾತ ಬ್ಯಾಡ. 2023ರ ಆಗಸ್ಟ್ 26ಕ್ಕ ಮದುರೈದಾಗ ಏನಾತು ಗೊತ್ತಿಲ್ಲೇನು? ಲಖನೌ ಕಡೆಯ ಯಾತ್ರಿಕರ ಡಬ್ಬಿ ಯಾರ್ಡಿನ್ಯಾಗ ನಿಂತಿತ್ತು. ಕದ್ದುಮುಚ್ಚಿ ತಂದ ಸಿಲಿಂಡರ್ ಮ್ಯಾಲ ಚಹಾ ಕಾಸಾಕ ಹೋಗಿ ಬೆಂಕಿ ಹತ್ತಿ ಒಂಬತ್ತು ಜೀವ ಹೋದ್ವು. ಅವ್ರೂ ತೀರ್ಥಕ್ಕ ಹೊಂಟವ್ರ. ಸಿಲಿಂಡರ್, ಸೀಮೆಎಣ್ಣಿ, ಪಟಾಕಿ ಯಾವುದೂ ಡಬ್ಬ್ಯಾಗೂ ಇಲ್ಲ, ವ್ಯಾನ್‌ನ್ಯಾಗೂ ಇಲ್ಲ.

ಆಕೆ: ಆಯ್ತು, ಒಲೆ ಕ್ಯಾನ್ಸಲ್. ಕಾಕಾ, ಮೊದಲಿನವರು ಹೇಗೆ ಮಾಡ್ತಿದ್ರು? ನಮ್ಮ ಅಜ್ಜ ಮುಂಬಯಿಗೆ ಬಂದದ್ದು ಬಸ್ಸಿನಲ್ಲಿ. ಟ್ರಂಕು ಬಸ್ಸಿನ ಟಾಪಿನ ಮೇಲೆ. ಊರಲ್ಲಿ ಹತ್ತಿಸಿದ್ದನ್ನು ಇಲ್ಲಿ ಇಳಿಸುದು, ನಡುವೆ ಯಾರೂ ಮುಟ್ಟಲಿಕ್ಕಿಲ್ಲ.

ಕಾಕಾ: ನಿಮ್ಮ ಕರಾವಳಿಗೆ ರೈಲು ಇರ್ಲಿಲ್ಲ, ಅದಕ್ಕ ಬದಲಿಸೂ ತ್ರಾಸೂ ಇರ್ಲಿಲ್ಲ. ನಮಗ ರೈಲಿತ್ತು, ಅದಕ್ಕ ಮಿರಜ್ ಇತ್ತು. 1971ರ ಸುಮಾರಿಗೆ ಪುಣೆಯಿಂದ ಮಿರಜ್‌ತನಕ ಹಳಿ ಬ್ರಾಡ್‌ಗೇಜ್ ಆತು. ಮಿರಜ್‌ನಿಂದ ಈ ಕಡೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಮೀಟರ್‌ಗೇಜ್ ಉಳೀತು, 1990ರ ದಶಕದತನಕ. ಒಂದರ ಹಳಿ 1676 ಮಿಲಿಮೀಟರ್, ಇನ್ನೊಂದರದ್ದು 1000. ಗಾಡಿ ಮುಂದ ಹೋಗಾಕ ಸಾಧ್ಯನ ಇಲ್ಲ. ಮಂದಿ, ಗಂಟು, ಟಪಾಲು, ಕಾಳಿನ ಚೀಲ ಎಲ್ಲಾ ಅಲ್ಲಿ ಒಂದು ಗಾಡಿಯಿಂದ ಇನ್ನೊಂದಕ್ಕ ದಾಟಬೇಕು. ಧಾರವಾಡದಾಗ ಹತ್ತಿದವ ಹಾಸಿಗಿ ಸುರುಳಿ, ರೊಟ್ಟಿ ಗಂಟು, ಟ್ರಂಕು ಹೊತ್ಗೊಂಡು ಮಿರಜ್‌ದಾಗ ಓಡ್ತಿದ್ದ, ಜಾಗ ಹಿಡಿಯಾಕ.

ಆಕೆ: ಈಗಿಗಿಂತ ಕಷ್ಟ ಅಲ್ವಾ?

ಕಾಕಾ: ಅಂದ್ರೂ ಒಂದು ಮಾತು ಛಲೋ ಇತ್ತು. ಎಲ್ಲರೂ ಅಲ್ಲೇ ಬದಲಿಸೂದು ಅಂತ ಗೊತ್ತಿದ್ದದ್ದಕ್ಕ ಅಲ್ಲಿ ವ್ಯವಸ್ಥಾ ಇತ್ತು. ಹಮಾಲರ ದಂಡು, ದಾಟಿಸೂ ಗುಮಾಸ್ತ, ಒಂದು ಗಾಡಿ ತಡ ಆದ್ರ ಇನ್ನೊಂದನ್ನ ನಿಲ್ಲಿಸೂ ರೂಢಿ. ಬದಲಿಸೂದ ಆ ಸ್ಟೇಷನ್ನಿನ ಉದ್ಯೋಗ ಆಗಿತ್ತು. ಹಳಿ ಒಂದಾತು, ಬದಲಿಸೂದು ಹೋತು, ದಾಟಿಸೂ ಕೈಗಳೂ ಹೋದ್ವು. ಈಗ ಬದಲಿಸೂದು ನಿಂದು ಖಾಸಗಿ ಕೆಲಸ.

ಆಕೆ: ನನ್ನ ತಮ್ಮ ಷಿಕಾಗೋದಲ್ಲಿ ಇರುದು. ಅಲ್ಲಿ ಆಮ್‌ಟ್ರ್ಯಾಕ್ ರೈಲಿನಲ್ಲಿ 23 ಕಿಲೋದ ಎರಡು ಬ್ಯಾಗು ಪುಕ್ಕಟೆ ಚೆಕ್-ಇನ್ ಮಾಡ್ಬಹುದಂತೆ. ಪೂರ್ವದಿಂದ ಬಂದ ಗಾಡಿ ಷಿಕಾಗೋದಲ್ಲಿ ಮುಗೀತದೆ, ಪಶ್ಚಿಮದ ಗಾಡಿ ಅಲ್ಲೇ ಹೊರಡ್ತದೆ. ಬ್ಯಾಗನ್ನು ರೈಲಿನವರೇ ದಾಟಿಸುದು. ಜಪಾನಿನಲ್ಲಿ ಯಾಮಾತೋ ಅನ್ನುವ ಕಂಪೆನಿ ಮನೆಯಿಂದ ಬ್ಯಾಗು ಒಯ್ದು ಇಳಿಯುವ ಹೋಟೆಲಿಗೇ ಮುಟ್ಟಿಸ್ತದೆ, ಜನ ಬರೀಗೈಯಲ್ಲಿ ರೈಲು ಹತ್ತುದು. ನಮ್ಮಲ್ಲಿ ಯಾಕೆ ಆಗುದಿಲ್ಲ?

ಕಾಕಾ: ನೋಡು, ಷಿಕಾಗೋದಾಗೂ ಅದೇ ಗುಟ್ಟು, ಮುಗಿಯೂ ಗಾಡಿ, ಹುಟ್ಟೂ ಗಾಡಿ. ಮತ್ತ ಅವರ ದೂರದ ಗಾಡಿ ದಿನಕ್ಕ ಬೆರಳೆಣಿಕಿ. ಕಲ್ಯಾಣದಾಗ ಒಂದು ಗಾಡಿ ಹೋಗಿ ಸಿಗ್ನಲ್ ಕೆಂಪಾಗೂದ್ರೊಳಗ ಇನ್ನೊಂದು ಬಾಗಿಲಿಗೆ ಬಂದಿರ್ತೈತಿ.

ಆಕೆ: ಗಾಡಿ ಹೆಚ್ಚು ಅನ್ನುದು ನೆವ ಕಾಕಾ. ಇದೇ ಹಳಿಯ ಮೇಲೆ ದಿನಾ ಡಬ್ಬಾವಾಲಾಗಳು ಊಟದ ಡಬ್ಬಿ ದಾಟಿಸುದಿಲ್ವಾ? 1890ರ ಸುಮಾರಿನಿಂದ. ಡೊಂಬಿವಲಿಯ ಬಾಗಿಲಲ್ಲಿ ಒಬ್ಬ ತಗೊಳ್ತಾನೆ, ಸ್ಟೇಷನ್ನಿನಲ್ಲಿ ಬೇರೆಯವ ವಿಂಗಡಿಸ್ತಾನೆ, ಲಗೇಜ್ ಡಬ್ಬಿಯಲ್ಲಿ ಇನ್ನೊಬ್ಬ ಒಯ್ತಾನೆ, ದಾದರ್‌ನಲ್ಲಿ ಸೆಂಟ್ರಲ್‌ನಿಂದ ವೆಸ್ಟರ್ನ್‌ಗೆ ದಾಟ್ತದೆ, ಚರ್ಚ್‌ಗೇಟಿನಲ್ಲಿ ಮತ್ತೊಬ್ಬ ಮುಟ್ಟಿಸ್ತಾನೆ. ಮುಚ್ಚಳದ ಮೇಲೆ ನಾಲ್ಕು ಅಕ್ಷರ, ಒಂದು ಬಣ್ಣ. ಅರ್ಧ ನಿಮಿಷ ನಿಲ್ಲುವ ಲೋಕಲ್‌ನಲ್ಲಿ ಅನ್ನ ಸಾರು ತಪ್ಪದೆ ದಾಟ್ತದೆ. ಎರಡು ಮೂರು ನಿಮಿಷ ನಿಲ್ಲುವ ಎಕ್ಸ್‌ಪ್ರೆಸ್‌ನಲ್ಲಿ ನನ್ನ ಅಪ್ಪನ ಟ್ರಂಕು ದಾಟುದಿಲ್ಲ ಅಂದ್ರೆ ಹೇಗೆ?

ಕಾಕಾ: ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಮೂವತ್ತು ವರ್ಷ ಪಾರ್ಸೆಲ್ ಆಫೀಸಿನ್ಯಾಗ ಕುಂತು ಆ ಡಬ್ಬಿ ಕಣ್ಣೆದುರಿಗೆ ಹೋಗೂದನ್ನ ನೋಡೀನಿ, ಹಿಂಗ ವಿಚಾರ ಮಾಡಿರ್ಲಿಲ್ಲ. ನೀ ಹೇಳಿದ್ರಾಗ ಒಂದು ಸೇರಿಸ್ತೀನಿ. ಡಬ್ಬಾವಾಲಾನ ಪದ್ಧತ್ಯಾಗ ಪ್ರತಿ ಜಂಕ್ಷನ್‌ದಾಗ ಆ ಡಬ್ಬಿ ಸಲುವಾಗಿನ ಒಬ್ಬ ಕಾಯ್ತಿರ್ತಾನ. ಇದು ಬರ್ತೈತಿ, ಇದು ಇಲ್ಲೇ ಇಳೀಬೇಕು, ಇದನ್ನ ಇಂಥಾ ಗಾಡಿಗೆ ಹಾಕಬೇಕು ಅಂತ ಅವಗ ಮೊದಲ ಗೊತ್ತು. ರೈಲ್ವೆ ಪದ್ಧತ್ಯಾಗ ಸಾಮಾನು ಬಂದ ಮ್ಯಾಲ ಗುಮಾಸ್ತಗ ಗೊತ್ತಾಗ್ತೈತಿ.

ಆಕೆ: ಗೊತ್ತುಮಾಡ್ಲಿಕ್ಕೆ ಈಗ ಕಂಪ್ಯೂಟರ್ ಉಂಟಲ್ಲ. 2019ರ ಏಪ್ರಿಲ್‌ನಿಂದ ಎರಡು ಗಾಡಿಯ ಪಿಎನ್‌ಆರ್ ಜೋಡಿಸ್ಲಿಕ್ಕೆ ಬಿಟ್ಟಿದ್ದಾರೆ. ಹೆಸರು ವಿವರ ಎರಡೂ ಟಿಕೇಟಿನಲ್ಲಿ ಒಂದೇ ಇರ್ಬೇಕು, ಇಳಿಯುವ ಊರು ಹತ್ತುವ ಊರು ಹೊಂದಬೇಕು. ಮೊದಲ ಗಾಡಿ ತಡವಾಗಿ ಎರಡನೇದು ತಪ್ಪಿದ್ರೆ ಅದರ ಹಣ ಕ್ಯಾನ್ಸಲೇಶನ್ ಕಡಿತ ಇಲ್ಲದೆ ಬರ್ತದೆ. ಅಂದ್ರೆ ನಾನು ಎಲ್ಲಿ ಗಾಡಿ ಬದಲಿಸ್ತೇನೆ ಅಂತ ರೈಲ್ವೆಗೆ ತಿಂಗಳ ಮೊದಲೇ ಗೊತ್ತು.

ಕಾಕಾ: ಗೊತ್ತು ನಿನ್ನ ಬಗ್ಗೆ. ಟ್ರಂಕಿನ ಬಗ್ಗೆ ಗೊತ್ತಿಲ್ಲ. ಪಿಎನ್‌ಆರ್ ಜೋಡಿಸಿದ್ರು, ಬಿಲ್ಟಿ ಜೋಡಿಸ್ಲಿಲ್ಲ.

ಆಕೆ: ಅದನ್ನೇ ನಾನು ಹೇಳುದು.

ಕಾಕಾ: ಇನ್ನು ಮುಂದ ಇನ್ನೂ ಕಷ್ಟ ಐತಿ. ಹೊಸಾ ವಂದೇ ಭಾರತ್ ಗಾಡಿಗೆ ಸಾಮಾನಿನ ವ್ಯಾನೇ ಇಲ್ಲ. ಸೋಲಾಪುರದ್ದು ಕಲ್ಯಾಣದಾಗ ನಿಲ್ತೈತಿ, ಗೋವಾದ್ದು ಥಾಣೆ, ಪನ್ವೇಲ್‌ದಾಗ ನಿಲ್ತೈತಿ. ಒಂದು ಕಡೆ ವಂದೇ ಭಾರತ್, ಇನ್ನೊಂದು ಕಡೆ ಹಳೇ ಎಕ್ಸ್‌ಪ್ರೆಸ್ ಅಂತ ಜೋಡಿಸಿದ್ರ, ಬುಕಿಂಗ್ ಮಾತ ಬರೂದಿಲ್ಲ, ಎಲ್ಲಾ ಕೈಯಾಗ. ಗಾಡಿ ಜೋರ ಓಡಿದಷ್ಟೂ ಸಾಮಾನು ಹಗುರ ಇರಬೇಕು ಅಂತ ರೈಲ್ವೆ ಮಾತಾಡದ ಹೇಳ್ತೈತಿ.

ಆಕೆ: ಸಣ್ಣಪ್ರಾಯದವರು ಒಂದು ಬೆನ್ನುಚೀಲ ಹಾಕ್ಕೊಂಡು ಹೋಗ್ತಾರೆ, ಅವರಿಗೆ ಸರಿ. ಮುದುಕರಿಗೆ ಸಾಮಾನು ಅಂದ್ರೆ ಸಾಮಾನಲ್ಲ ಕಾಕಾ, ಧೈರ್ಯ. ಗೊತ್ತಿಲ್ಲದ ಊರಲ್ಲಿ ತಮ್ಮ ಅಕ್ಕಿ, ತಮ್ಮ ಪಾತ್ರೆ, ತಮ್ಮ ಚಾಪೆ. ಅದನ್ನು ಬಿಟ್ಟು ಬನ್ನಿ ಅಂದ್ರೆ ಅಪ್ಪ ಕಾಶಿಯನ್ನೇ ಬಿಡ್ತಾರೆ.

ಕಾಕಾ: ಹಂಗಾರ ಧೈರ್ಯ ಎಷ್ಟು ಕಿಲೋ ಅಂತ ತೂಗೋಣು. ಕಾಶ್ಯಾಗ ಸಿಗದ ವಸ್ತು ಯಾವುದು?

ಆಕೆ: ಪಾತ್ರೆ. ಅಪ್ಪನದ್ದು ಹಟ. ಮತ್ತೆ ಕುಚ್ಚಲಕ್ಕಿ.

ಕಾಕಾ: ಕುಚ್ಚಲಕ್ಕಿ ಡೊಂಬಿವಲಿಯಾಗ ಸಿಗ್ತೈತಿ, ನಿಮ್ಮ ಮಂದಿ ಅಂಗಡಿ ಓಣಿಗೊಂದೈತಿ. ಉಡುಪಿಯಿಂದ ಇಲ್ಲಿತನಕ ಅದನ್ನ ಹೊರೂ ಕಾರಣ ಏನೈತಿ? ಹಪ್ಪಳ ಹಗುರ, ಇರ್ಲಿ. ಎಣ್ಣಿ ಇಲ್ಲೇ ತಗೋ. ಪಾತ್ರಿಯೊಳಗ ಶ್ರಾದ್ಧಕ್ಕ ಖರೇನ ಬೇಕಾದದ್ದು ಯಾವುದು ಅಂತ ಅಪ್ಪನ್ನ ಕೇಳು. ಹಂಡೆ ಬೇಕಾಗೂದಿಲ್ಲ. ಒಂದು ಹರಿವಾಣ, ಎರಡು ತಂಬಿಗಿ, ಪಂಚಪಾತ್ರಿ, ಉದ್ಧರಣಿ. ಅಷ್ಟು ಸೂಟ್‌ಕೇಸಿನ್ಯಾಗ ಬಟ್ಟಿ ನಡುವ ಕುಂದರ್ತೈತಿ. ಅವಾಗ ಟ್ರಂಕ ಬ್ಯಾಡ. ಟ್ರಂಕ ಇಲ್ಲ ಅಂದ್ರ ವ್ಯಾನ ಬ್ಯಾಡ. ವ್ಯಾನ ಬ್ಯಾಡ ಅಂದ್ರ ನಿನ್ನ ಮೂರೂ ಸ್ಟೇಷನ್ ಮತ್ತ ಜೀವಂತ. ಥಾಣೆದಾಗ ಇಳಿಸು, ಒಬ್ಬ ಹಮಾಲನ್ನ ಹಿಡಿ, ಟ್ಯಾಕ್ಸಿ ಮಾಡಿ ಮನಿಗೆ ಬಾ. ಹಮಾಲನ ಕೂಲಿ ಮೊದಲ ಗೊತ್ತುಮಾಡ್ಕೋ, ತೋಳಿನ ಬಿಲ್ಲೆ ನಂಬರ್ ನೋಡ್ಕೋ. ಕಾಶಿ ಗಾಡಿನ ಕಲ್ಯಾಣದಾಗ ಹತ್ತಿಸು.

ಆಕೆ: ಅಪ್ಪ ಟ್ರಂಕು ಬೇಕೇ ಬೇಕು ಅಂದ್ರೆ?

ಕಾಕಾ: ಹಂಗಾರ ಮಂಗಳೂರು ಜಂಕ್ಷನ್‌ನಿಂದನ ಬುಕ್ ಮಾಡಿಸಿ, ಸಿಎಸ್‌ಎಂಟಿಯಾಗ ಬಿಡಿಸ್ಕೊಂಡು, ಸಂಜಿಗೆ ಮಹಾನಗರಿಗೆ ಮತ್ತ ಬುಕ್ ಮಾಡು. ಟ್ರಂಕಿನ ಮ್ಯಾಲ ಹೆಸರು, ಎಲ್ಲಿಂದ ಎಲ್ಲಿಗೆ, ಮೊಬೈಲ್ ನಂಬರ್ ಬಣ್ಣದಾಗ ಬರೆಸು. ಮ್ಯಾಲಿನ ಚೀಟಿ ಹರಿದ್ರೂ ಗುರುತು ಸಿಗ್ಲಿ ಅಂತ ಅದನ್ನ ಇನ್ನೊಂದು ಹಾಳಿ ಮ್ಯಾಲ ಬರೆದು ಒಳಗ ಇಡು. ಹಳೇ ಪ್ರವಾಸದ ಚೀಟಿ, ಹಳೇ ಬರಹ ಎಲ್ಲಾ ಕೆರೆದು ತೆಗಿ. ಅಜ್ಜ ಟ್ರಂಕಿನ ಮ್ಯಾಲ ಮುಂಬಯಿ ಅಂತ ಬರೆಸಿದ್ದು ಉಳಿದಿದ್ರ, ವಾರಾಣಸಿ ಗುಮಾಸ್ತ ಅದನ್ನ ತಿರುಗಿ ಇಲ್ಲಿಗೇ ಕಳಿಸ್ತಾನ. ಬಿಲ್ಟಿ ಫೋಟೋ ತೆಗೆದು ಇಟ್ಕೋ. ಬಂದ ಸಾಮಾನು ತಡಾ ಮಾಡದ ಬಿಡಿಸ್ಕೋ, ಹೊತ್ತು ಮೀರಿದ್ರ ವಾರ್ಫೇಜ್ ಅಂತ ಬಾಡಿಗಿ ಹತ್ತತೈತಿ.

ಆಕೆ: ಎರಡೂ ಅಪ್ಪನ ಎದುರಿಗೆ ಇಡ್ತೇನೆ, ಯಾವುದು ಬೇಕೋ ಅವರೇ ಆರಿಸ್ಲಿ. ಆದ್ರೆ ರೈಲ್ವೆಗೆ ಒಂದು ಅರ್ಜಿ ಬರೆಯುದು ಖಂಡಿತ.

ಕಾಕಾ: ಬರಿ. ಆದ್ರ ಎಲ್ಲಾ ಸ್ಟೇಷನ್‌ದಾಗ ಎಲ್ಲಾ ಸಾಮಾನು ದಾಟಿಸ್ರಿ ಅಂತ ಬರೀಬ್ಯಾಡ. ಅದನ್ನ ಓದಿದವ ನಕ್ಕು ಕಡತದಾಗ ಇಡ್ತಾನ. ಪಿಎನ್‌ಆರ್ ಜೋಡಿಸಿದ ಪ್ರಯಾಣಿಕರ ಬಿಲ್ಟಿನೂ ಜೋಡಿಸ್ರಿ, ಎರಡು ಗಾಡಿ ನಡುವ ಆರು ತಾಸು ಇದ್ರ ಅಷ್ಟ, ಮೊದಲ ಸಿಎಸ್‌ಎಂಟಿ, ಎಲ್‌ಟಿಟಿ ಎರಡೇ ಕಡೆ ಅಂತ ಬರಿ. ಗಾಡಿ ಅಲ್ಲೇ ಮುಗೀತಾವ, ಅಲ್ಲೇ ಹುಟ್ತಾವ. ಹೊಸಾ ಡಬ್ಬಿ ಬ್ಯಾಡ, ಹೊಸಾ ಹಳಿ ಬ್ಯಾಡ. ಒಂದು ಕೌಂಟರ್, ಒಂದು ಯಾದಿ, ಆ ಯಾದಿ ಹಿಡ್ಕೊಂಡು ಕಾಯೂ ಇಬ್ಬರು ಮನಿಷ್ಯಾರು ಸಾಕು. ಮೂವತ್ತು ವರ್ಷದ ಗುಮಾಸ್ತನ ಲೆಕ್ಕ ಇದು, ಬೇಕಾದ್ರ ನನ್ನ ಸಹೀನೂ ಹಾಕ್ತೀನಿ.

ಆಕೆ: ಅದು ಆಗುವ ತನಕ?

ಕಾಕಾ: ಅಲ್ಲಿತನಕ ಅಕ್ಕಿ ಇಲ್ಲೇ ಕೊಳ್ಳು.